ಯಾವ ಯೋಕ್ವೆ?

"ಯೋಕ್ವೆ."

ಹಡಗಿನ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ ಯುವಕ ಅಂದದ್ದು ಅಷ್ಟೇ. ನೇಮಾತ್ ಗಕ್ಕನೆ ನಿಂತಳು. ಹೆಗಲ ಮೇಲಿದ್ದ ಕೇದಗೆ ಚಾಪೆಯನ್ನು ಇನ್ನೊಂದು ಹೆಗಲಿಗೆ ದಾಟಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. ಕುತ್ತಿಗೆಯಲ್ಲಿ ಸಾಕ್ಷಿಯ ಬಿಲ್ಲೆ. ಎದೆಗೆ ಅವಚಿಕೊಂಡ ದಿಕ್ಕು ತೋರಿಸುವ ಪೆಟ್ಟಿಗೆ.

'ಓಹೋ... ನನ್ನ ಪರೀಕ್ಷೆಗೆ ಇವನಾ ಸಾಕ್ಷಿ! ಪೆಟ್ಟಿಗೆಯವರ ಪೈಕಿ!'

"ಯಾವ ಯೋಕ್ವೆ?" ಎಂದಳು.

"ಅಂದ್ರೆ?"

"ನಮಸ್ಕಾರದ್ದಾ, ಅಯ್ಯೋ ಪಾಪದ್ದಾ?"

ಅವನಿಗೆ ನಗು ಬಂತು. ನುಂಗಿಕೊಂಡ. "ಬಾಗಿಲಲ್ಲಿ ನಿಂತು ಹೇಳಿದ್ದು... ನಮಸ್ಕಾರನೇ ಇರಬೇಕು."

"ಇರಬೇಕಾ? ಬಾಯಿ ನಿಂದೇ ತಾನೇ? ಬಾಗಿಲು ಬಿಡು!"

ಅವನು ಬಾಗಿಲು ಬಿಟ್ಟ. ಅವನ ಹೆಸರು ಲಾಂಗ್ರಿನ್. ಅದನ್ನು ಕೇಳುವ ಸೌಜನ್ಯವನ್ನೂ ಅವಳು ತೋರಿಸಲಿಲ್ಲ.

ನಮ್ಮ ತೇಲುದ್ವೀಪಗಳಲ್ಲಿ ಈ ಒಂದು ಪದದಿಂದ ಎಷ್ಟು ಕೆಲಸ ತೆಗೆಯುತ್ತಾರೆ ನೋಡಿ! ಬಂದವರಿಗೂ ಯೋಕ್ವೆ, ಹೊರಟವರಿಗೂ ಯೋಕ್ವೆ. ಕಾಲು ಮುರಿದುಕೊಂಡವನನ್ನು ಕಂಡರೆ ಕತ್ತು ಓರೆ ಮಾಡಿ ಯೋಕ್ವೆ. ಮನಸ್ಸು ಕೊಟ್ಟವರ ಕಿವಿಯಲ್ಲಿ ಪಿಸುಗುಟ್ಟುವುದೂ ಅದೇ ಯೋಕ್ವೆ. ಹಳೆಯ ಭೂಮಿಯ ಹವಳದ್ವೀಪಗಳು ಮುಳುಗಿ ನಮ್ಮ ಹಿರಿಯರು ಬಾನಿಗೆ ಹೊರಟಾಗ ಚಾಪೆ, ದೀವಿಹಲಸಿನ ಸಸಿ, ಚಾಡಿಮಾತು ಎಲ್ಲವನ್ನೂ ಕಟ್ಟಿಕೊಂಡು ಬಂದರು. ಇನ್ನೆರಡು ಪದ ತರಲು ಮಾತ್ರ ಜಾಗ ಸಾಲಲಿಲ್ಲವೇನೋ!

ನೇಮಾತ್‌ಗೆ ಧಾರಾಳವಾಗಿ ಸಿಕ್ಕಿದ್ದು ಕತ್ತು ಓರೆ ಮಾಡಿದ ಯೋಕ್ವೆ. ಮನಸ್ಸು ಕೊಟ್ಟವರ ಯೋಕ್ವೆ ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ಸಿಕ್ಕಿರಲಿಲ್ಲ.

ಅವಳ ತಾಯಿ ಲಿಜೋನ್ ಹನ್ನೆರಡು ವರ್ಷದ ಹಿಂದೆ ಮೂವತ್ತೊಂದು ಜನರನ್ನು ಕೂರಿಸಿಕೊಂಡು ಹೊಸ ಲಿಕಿಯೆಪ್ ದ್ವೀಪದಿಂದ ಹೊಸ ಎಬೋನ್ ದ್ವೀಪಕ್ಕೆ ಹೊರಟವಳು ತಲುಪಲೇ ಇಲ್ಲ. ಹಡಗಿನ ಒಂದು ಚೂರೂ ಸಿಗಲಿಲ್ಲ. ಅಂದಿನಿಂದ ಊರಿನವರು ನೇಮಾತ್‌ಳನ್ನು ಕಂಡಾಗಲೆಲ್ಲ ಕತ್ತು ಓರೆ ಮಾಡಿದರು. "ಯೋಕ್ವೆ... ದಾರಿ ತಪ್ಪಿಸಿದವಳ ಮಗಳು..." ಶಾಪ ಹಾಕಿದ್ದರೆ ತಿರುಗಿ ಶಾಪ ಹಾಕಬಹುದಿತ್ತು. ಕರುಣೆಗೆ ತಿರುಗಿ ಏನು ಕೊಡುವುದು? ಅವಳು ತಿರಸ್ಕಾರ ಕೊಟ್ಟಳು. ಯಾರಿಗೂ ಕಡಿಮೆ ಮಾಡಲಿಲ್ಲ.

ಇನ್ನು ಅವಳ ಬೆನ್ನಿನ ವಿಷಯ. ದ್ವೀಪ ದ್ವೀಪಗಳ ನಡುವಿನ ಬಾನು ಖಾಲಿ ಎಂದು ತಿಳಿದವರು ದಡ್ಡರು, ಅಂಥ ದಡ್ಡರೇ ಪೆಟ್ಟಿಗೆ ಕಂಡುಹಿಡಿದದ್ದು. ಅಲ್ಲಿ ಅಲೆಗಳಿವೆ. ನಮ್ಮ ಎರಡು ಸೂರ್ಯರಲ್ಲಿ ಒಂದರ ಕಡೆಯಿಂದ ಮೂಡಲಲೆ, ಇನ್ನೊಂದರ ಕಡೆಯಿಂದ ಪಡುವಲಲೆ. ಅವೆರಡೂ ಡಿಕ್ಕಿ ಹೊಡೆಯುವ ಕಡೆ ದ್ವೀಪದಿಂದ ದ್ವೀಪಕ್ಕೆ ನೇರವಾಗಿ ಒಂದು ಗೆರೆ ಏಳುತ್ತದೆ. ಅದನ್ನು ನಾವು ಬೆನ್ನೆಲುಬು ಎನ್ನುತ್ತೇವೆ. ಅದರ ಮೇಲೆ ಹೋದ ಹಡಗು ತಪ್ಪುವುದಿಲ್ಲ. ಹಡಗಿನ ತಳದಲ್ಲಿ ಅಂಗಾತ ಮಲಗಿ, ಆ ಗೆರೆಯನ್ನು ತನ್ನ ಬೆನ್ನಿನಿಂದ ಕೇಳುವ ಶಕ್ತಿ ಒಂದೇ ವಂಶದ ಹೆಣ್ಣುಮಕ್ಕಳಿಗೆ ಇದೆ. ತಾಯಿಯಿಂದ ಮಗಳಿಗೆ ಬರುತ್ತದೆ. ಕಲಿತರೆ ಬರುವುದಿಲ್ಲ, ಕೊಂಡರೆ ಸಿಗುವುದಿಲ್ಲ.

ನೇಮಾತ್‌ಳ ಅಜ್ಜಿಗೆ ಅದು ಇತ್ತು. ಈಗ ಬೆನ್ನು ಬಾಗಿ ನೆಲಕ್ಕೆ ಒರಗಲಾರಳು, ಅಲೆ ಕೇಳಿಸುವುದಿಲ್ಲ. ಉಳಿದವಳು ನೇಮಾತ್ ಒಬ್ಬಳೇ. ಅದು ತನಗೂ ಇದೆಯೆಂದು ತೋರಿಸಲು ಅವಳು ಇವತ್ತು ಕಣ್ಣು ಕಟ್ಟಿಕೊಂಡು ಹಡಗನ್ನು ಹೊಸ ಎಬೋನ್‌ಗೆ ಮುಟ್ಟಿಸಬೇಕಿತ್ತು.

ಬೂಬು, ಅಂದರೆ ಆ ಅಜ್ಜಿ, ಹಡಗುಕಟ್ಟೆಗೆ ಕೋಲೂರಿಕೊಂಡು ಬಂದಿದ್ದಳು. ಮೊಮ್ಮಗಳ ಕೈಗೆ ಬುತ್ತಿ ಕೊಟ್ಟು, ಲಾಂಗ್ರಿನ್ ಕಡೆಗೆ ಕೋಲು ತೋರಿಸಿದಳು.

"ಏ ಪೆಟ್ಟಿಗೆ! ಕಟ್ಟಳೆ ಗೊತ್ತೇನೋ?"

"ಗೊತ್ತು ಬೂಬು."

"ಗೊತ್ತಿದ್ರೂ ಇನ್ನೊಂದ್ಸಲ ಕೇಳಿಸ್ಕೋ. ಇವಳ ಕಣ್ಣಿಗೆ ಬಟ್ಟೆ ಕಟ್ಟಿದ ಮೇಲೆ ದಾರಿ ಬಗ್ಗೆ ನಿನ್ನ ಬಾಯಿಂದ ಒಂದೇ ಒಂದು ಮಾತು ಬಂತೋ, ಇವಳ ಪರೀಕ್ಷೆ ಸತ್ತ ಹಾಗೆ. ಎರಡನೇ ಸಲ ಇಲ್ಲ. ಈ ಹಡಗು ನಿಮ್ಮ ಪೆಟ್ಟಿಗೆಯವರ ಪಾಲು, ನಮ್ಮ ವಂಶ ಮನೇಲಿ ಚಾಪೆ ಹೆಣೀತಾ ಕೂರಬೇಕು. ತಿಳೀತಾ?"

"ತಿಳೀತು."

"ಬಾಯಿ ತಡ್ಕೊಳ್ಳೋ ಮುಖ ಅಲ್ಲ ಇದು," ಎಂದಳು ಬೂಬು ಮೊಮ್ಮಗಳ ಕಡೆ ತಿರುಗಿ.

"ಮುಖನೇ ಅಲ್ಲ ಬಿಡು ಅದು," ಎಂದಳು ನೇಮಾತ್.

*

ಹಡಗು ಹೊಸ ಲಿಕಿಯೆಪ್‌ನ ಬೆಳಕಿನಿಂದ ಆಚೆ ಬರಲು ಒಂದು ತಾಸು. ಅಲ್ಲಿಯವರೆಗೆ ಮಾತಿಗೆ ತಡೆಯಿಲ್ಲ.

"ಎಷ್ಟು ಭಾರ ಇದೆ ಆ ಪೆಟ್ಟಿಗೆ?" ಎಂದು ಕೇಳಿದಳು ನೇಮಾತ್, ಚಾಪೆ ಹಾಸುತ್ತ.

"ಅಭ್ಯಾಸ ಆಗಿದೆ. ಐದು ವರ್ಷದಿಂದ ಹೊರ್ತಿದೀನಿ."

"ತಲೆ ಹೊರೋದಕ್ಕಿಂತ ಸುಲಭ ಅಲ್ವಾ?"

"ಸ್ವಲ್ಪ ಸುಲಭ," ಎಂದ ಅವನು. "ತಲೆಗೆ ಹಿಡಿ ಇಲ್ಲ ನೋಡು."

ಅವಳು ನಗಲಿಲ್ಲ. ನಗು ಬಂದಿತ್ತು, ಆದರೆ ಪೆಟ್ಟಿಗೆಯವನಿಗೆ ಅದನ್ನು ಕೊಡಲು ಮನಸ್ಸಾಗಲಿಲ್ಲ.

"ಈ ದಾರೀಲಿ ಧೂಳುಮೋಡ ಇದೆ. ಅದರೊಳಗೆ ನಿಮ್ಮ ಪೆಟ್ಟಿಗೆ ಏನು ಹೇಳುತ್ತೆ?"

"ಏನೂ ಹೇಳಲ್ಲ. ಕುರುಡಾಗುತ್ತೆ. ಅದಕ್ಕೇ ನಾವು ಸುತ್ಕೊಂಡು ಹನ್ನೊಂದು ದಿನ ಹೋಗ್ತೀವಿ."

"ಅಬ್ಬಾ! ಒಪ್ಕೊಂಡ್ಯಲ್ಲ!"

"ನಿಜಾನ ಒಪ್ಪದೆ ಏನ್ಮಾಡ್ಲಿ?"

ಅವಳು ಬುತ್ತಿ ಬಿಚ್ಚಿ, ಹುಳಿ ಬರಿಸಿದ ದೀವಿಹಲಸಿನ ಉಂಡೆಯೊಂದನ್ನು ಅವನತ್ತ ಎಸೆದಳು. "ತಿನ್ನು. ಹಸಿದು ಸತ್ತರೆ ಸಾಕ್ಷಿ ಯಾರು ಹೇಳ್ತಾರೆ?"

ಅವನು ಒಂದು ತುತ್ತು ಕಚ್ಚಿ, ಮುಖ ಹಿಂಡಿದ. "ಹುಳಿ ಜಾಸ್ತಿಯಾಗಿದೆ."

"ಏನಂದೆ?"

"ಹುಳಿ. ತುಂಬಾ ಜಾಸ್ತಿ."

ಹನ್ನೆರಡು ವರ್ಷದಿಂದ ಊರೆಲ್ಲ ಬೂಬುವಿನ ಉಂಡೆಯನ್ನು ಹೊಗಳಿ ಹೊಗಳಿ ತಿಂದಿತ್ತು. ಮಗಳನ್ನು ಕಳೆದುಕೊಂಡ ಮುದುಕಿ, ಪಾಪ, ಏನು ಹೇಳುವುದು ಎಂದು! ಹುಳಿ ಜಾಸ್ತಿ ಎಂದು ನೇಮಾತ್‌ಗೂ ಗೊತ್ತಿತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳಿದವನು ಇವನೊಬ್ಬನೇ. ಅವಳಿಗೆ ಸಿಟ್ಟು ಬಂತು, ಜೊತೆಗೆ ಹೆಸರಿಡಲಾಗದ ಒಂದು ಹಗುರವೂ ಆಯಿತು.

'ಛೀ! ಇವನಿಗೆ ಮರ್ಯಾದೆಯೇ ಇಲ್ಲ...'

ಬೆಳಕು ಹಿಂದುಳಿಯಿತು. ಅವಳು ಚಾಪೆಯ ಮೇಲೆ ಕುಳಿತು ಕಣ್ಣು ಮುಚ್ಚಿದಳು. ಬಟ್ಟೆ ಕಟ್ಟಬೇಕಾದದ್ದು ಸಾಕ್ಷಿ. ಅವನು ಹಿಂದೆ ಬಂದು ಮಂಡಿಯೂರಿದ. ಅವನ ಬೆರಳು ಅವಳ ಕಿವಿಯ ಬಳಿ ತಾಗಿದಾಗ ಇಬ್ಬರೂ ಉಸಿರು ಹಿಡಿದರು.

"ಕೈ ಯಾಕೆ ನಡುಗ್ತಿದೆ?"

"ಚಳಿ."

"ಇಲ್ಲಿ ಚಳಿ ಇಲ್ಲ."

"ಹಾಗಾದ್ರೆ ಚಳಿ ಅಲ್ಲ," ಎಂದು ಗಂಟು ಬಿಗಿದ. ಅದೇ ಅವನ ಕೊನೆಯ ಮಾತು. ಆಗಬೇಕಿತ್ತು.

*

ಅಂಗಾತ ಮಲಗಿದಳು. ಚುಕ್ಕಾಣಿಯ ಹಗ್ಗ ಬಲಗೈಯಲ್ಲಿ.

ಮೊದಲು ಏನೂ ಇಲ್ಲ. ನೆಲದ ತಣ್ಣಗಿನ ಲೋಹ ಅಷ್ಟೇ. ಆಮೇಲೆ ಸೊಂಟದ ಬಳಿ ಸಣ್ಣಗೆ ಒಂದು ತಳ್ಳು. ಮೂಡಲಲೆ! ಅದು ನಿಧಾನಸ್ಥೆ, ಬಂದು ಹೋಗಲು ಹತ್ತು ಉಸಿರು ಬೇಕು. ಅದರ ಬೆನ್ನಿಗೇ ಭುಜದ ಕಡೆಯಿಂದ ಪಡುವಲಲೆ, ಅವಸರದವಳು, ಒದೆಯುವವಳು. ಎರಡನ್ನೂ ಮೈಯಲ್ಲಿ ತುಂಬಿಕೊಂಡು ನೇಮಾತ್ ಹಗ್ಗವನ್ನು ಕೂದಲೆಳೆಯಷ್ಟು ಎಳೆದಳು, ಬಿಟ್ಟಳು, ಎಳೆದಳು. ನಾಲ್ಕು ತಾಸು ಹೀಗೇ ಕಳೆಯಿತು.

ಧೂಳುಮೋಡದ ಬಾಯಿ ಹತ್ತಿರವಾದಾಗ ಅಲೆಗಳು ಗೋಜಲಾದವು. ಒಂದರ ಮೇಲೊಂದು ಬಿದ್ದು, ಎಲ್ಲಿಂದ ಯಾವುದು ಎಂದು ತಿಳಿಯದಾಯಿತು. ತಾಯಿ ಕಳೆದುಹೋದದ್ದು ಇಲ್ಲೇ ಇರಬೇಕು...

'ಹೆದರಬೇಡ. ಕೇಳು. ಬರೀ ಕೇಳು...'

ಅವಳು ಮೈ ಸಡಿಲ ಬಿಟ್ಟಳು. ಗೋಜಲಿನ ಒಳಗಿಂದ ಏನೋ ಎದ್ದಿತು. ಬೆನ್ನಿನ ಕೆಳಗಿನ ಮೊದಲ ಮಣಿ ಬೆಚ್ಚಗಾಯಿತು. ಎರಡನೆಯದು. ಮೂರನೆಯದು. ಒಂದೊಂದು ಮಣಿಯಲ್ಲೂ ದೀಪ ಹಚ್ಚಿದಂತೆ ಬಿಸಿ ಮೇಲೇರಿ ಕತ್ತಿಗೆ ಬಂತು. ತೆಳುವಾದ ಅಂಗಿಯ ಒಳಗಿಂದ ಅವಳ ಬೆನ್ನು ನಸುಗೆಂಪಾಗಿ ಬೆಳಗಿ, ಹಡಗಿನ ತಳವೆಲ್ಲ ಆ ಬೆಳಕು ಹರಡಿತು. ಹಡಗು ನಡುಗುವುದನ್ನು ನಿಲ್ಲಿಸಿ ನೆಟ್ಟಗೆ ಕೂತಿತು.

ಬೆನ್ನೆಲುಬು! ಸಿಕ್ಕಿಬಿಟ್ಟಿತ್ತು!

ಆಗಲೇ ಅವಳ ತಲೆಯ ಹಿಂದೆ ಯಾರೋ ಮೆಲ್ಲಗೆ, ಉಸಿರು ಬಿಟ್ಟಷ್ಟು ಮೆಲ್ಲಗೆ ಅಂದರು...

"ಯೋಕ್ವೆ..."

ನೇಮಾತ್‌ಳ ರಕ್ತ ತಣ್ಣಗಾಯಿತು.

ಆ ದನಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೆತ್ತಗಿನ, ಒದ್ದೆಯಾದ, ಕೊನೆಯಲ್ಲಿ ಇಳಿಯುವ ದನಿ. ಹನ್ನೆರಡು ವರ್ಷ ಕೇಳಿದ ದನಿ. ಪೆಟ್ಟಿಗೆಯಲ್ಲಿ ಏನೋ ಕಂಡಿದ್ದಾನೆ! ನಾನು ತಪ್ಪಿದ್ದೇನೆ! ಅಯ್ಯೋ ಪಾಪ ಅನ್ನುತ್ತಿದ್ದಾನೆ!

'ಅಮ್ಮನಿಗೂ ಹೀಗೇ ಸರಿಯಾಗಿದೆ ಅನ್ನಿಸಿತ್ತೇನೋ... ಸಾಯೋವರೆಗೂ...'

ಕೈ ತಾನಾಗಿಯೇ ಹಗ್ಗ ಎಳೆಯಿತು. ಎಡಕ್ಕೆ. ಇನ್ನಷ್ಟು ಎಡಕ್ಕೆ.

ಬೆನ್ನಿನ ದೀಪಗಳು ಆರಿದವು. ಹಡಗು ಒಮ್ಮೆ ಕುಸಿದು ಎದ್ದಿತು. ಧೂಳು ಗೋಡೆಗೆ ಜಲ್ಲಿಕಲ್ಲು ಎರಚಿದ ಹಾಗೆ ಬಡಿಯತೊಡಗಿತು. ಅಲೆಯೂ ಇಲ್ಲ, ಗೆರೆಯೂ ಇಲ್ಲ. ಎಲ್ಲೋ ಒಂದು ಕಡೆ ತಗಡು ಕಿರ್ ಎಂದಿತು.

ಹಿಂದೆ ಲಾಂಗ್ರಿನ್ ಎದ್ದು ನಿಂತದ್ದು ಅವಳಿಗೆ ಕೇಳಿಸಿತು. ಅವನ ಉಸಿರು ಜೋರಾಗಿತ್ತು. 'ಹೇಳು! ಒಂದು ಮಾತು ಆಗಲೇ ಆಡಿದೀಯಲ್ಲ, ಇನ್ನೊಂದು ಹೇಳು!' ಅವನು ಹೇಳಲಿಲ್ಲ. ಬದಲಿಗೆ ಪೆಟ್ಟಿಗೆಯ ಮುಚ್ಚಳ ಹಾಕಿದ ಸದ್ದಾಯಿತು. ಅದರ ಟಿಕ್ ಟಿಕ್ ಕೂಡ ಸುಳಿವಾಗಬಾರದೆಂದು ಅದರ ಮೇಲೆ ತನ್ನ ಮೇಲಂಗಿ ಹೊದಿಸಿ, ತುಟಿ ಕಚ್ಚಿ ಕೂತ. ಅವಳ ಜೊತೆ ಸಾಯುವುದು ಅವನಿಗೆ ಅಷ್ಟು ಕಷ್ಟವೆನಿಸಲಿಲ್ಲ. ಅವಳ ಪರೀಕ್ಷೆಯನ್ನು ಕೊಲ್ಲುವುದು ಕಷ್ಟವೆನಿಸಿತು.

ಅದೆಲ್ಲ ನೇಮಾತ್‌ಗೆ ಹೇಗೆ ಗೊತ್ತಾಗಬೇಕು? ಅವಳಿಗೆ ಗೊತ್ತಾದದ್ದು ಒಂದೇ. ಮೈಯೆಲ್ಲ ನಾಚಿಕೆ.

'ಊರಿನ ಪಾಪಕ್ಕೆಲ್ಲ ಬೆನ್ನು ತಿರುಗಿಸಿದವಳು, ಇವತ್ತು ಒಬ್ಬ ಪೆಟ್ಟಿಗೆಯವನ ಪಾಪ ಕೇಳಿ ದಾರಿ ತಿರುಗಿಸಿದೆಯಾ? ಥೂ ನಿನ್ನ! ಅವನು ಏನಾದರೂ ಅಂದ್ಕೊಳ್ಲಿ. ಬೆನ್ನು ಯಾರದು? ನಿಂದು!'

ಸಿಟ್ಟಿಗೆ ಅವಳ ಕಣ್ಣು ತುಂಬಿ ಬಟ್ಟೆ ಒದ್ದೆಯಾಯಿತು. ಅವಳು ಹಗ್ಗವನ್ನು ಬಿಟ್ಟೇಬಿಟ್ಟಳು. ಎರಡೂ ಅಂಗೈಗಳನ್ನು ನೆಲಕ್ಕೆ ಒತ್ತಿ, ಗಂಟಲಿನ ಆಳದಿಂದ ಒಂದು ದನಿ ತೆಗೆದಳು. ಬೂಬು ಕಲಿಸಿದ್ದಲ್ಲ ಅದು. ಯಾರೂ ಕಲಿಸಿದ್ದಲ್ಲ. ಅಲೆಯನ್ನು ಹುಡುಕಿ ಹೋಗುವುದು ಅವಳ ವಂಶದ ವಿದ್ಯೆ. ಇವಳು ಅದನ್ನು ಕರೆದಳು, ಆಳನ್ನು ಕರೆಯುವ ದರ್ಪದಲ್ಲಿ!

ಅಲೆ ಬಂತು. ದೂರದಿಂದ, ಧೂಳನ್ನು ಸೀಳಿಕೊಂಡು, ನೆಲದ ಕೆಳಗೆ ಮೈ ಉಬ್ಬಿಸಿ ಹಡಗನ್ನು ಎತ್ತಿಕೊಂಡಿತು. ಬೆನ್ನಿನ ಮಣಿಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಅವಳು ಹಗ್ಗ ಹಿಡಿದು ಬಲಕ್ಕೆ ಎಳೆದು, ಬಿಟ್ಟುಬಂದ ಗೆರೆಯ ಮೇಲೆ ಹಡಗನ್ನು ತಂದು ಕೂರಿಸಿದಳು. ಆಮೇಲೆ ನಾಲ್ಕು ತಾಸು ಹಡಗು ಆ ಗೆರೆ ಬಿಟ್ಟು ಕದಲಲಿಲ್ಲ.

*

ಹೊಸ ಎಬೋನ್‌ನ ಕಟ್ಟೆಗೆ ಹಡಗು ತಾಗಿದ್ದೇ ತಡ, ಅವಳು ಕಣ್ಣಿನ ಬಟ್ಟೆ ಕಿತ್ತು ಎಸೆದಳು.

"ನೀನು ಮಾತಾಡಿದೆ."

"ಹೌದು."

"ಕಟ್ಟಳೆ ಮುರಿದೆ."

"ಹೌದು."

"ನಾನು ತಪ್ಪಿದೀನಿ ಅಂತ ಅಯ್ಯೋ ಪಾಪ ಅಂದೆ! ನನಗೆ!"

ಲಾಂಗ್ರಿನ್ ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲು ಸರಿದು ಕಾವಲಿನವರು ಒಳಬಂದರು. ಲೆರೋಜ್ ಸಭೆಯಲ್ಲಿ ಕಾಯುತ್ತಿದ್ದಾಳೆ, ಸಾಕ್ಷಿ ಮತ್ತು ಅಭ್ಯರ್ಥಿ ತಮ್ಮೊಳಗೆ ಮಾತಾಡಕೂಡದು ಎಂದರು. ನೇಮಾತ್ ಅವನ ಮುಂದೆ ದಾಪುಗಾಲಿಡುತ್ತ ನಡೆದಳು. 'ಮಾತಾಡಿದ್ದು ಯಾರಿಗೂ ಹೇಳಬೇಡ' ಎಂದು ಒಂದು ಮಾತು ಬೇಡಿಕೊಂಡಿದ್ದರೆ ಸಾಕಿತ್ತು. ಬೇಡಿಕೊಳ್ಳಲು ಅವಳಿಗೆ ಬರುವುದಿಲ್ಲ.

ಲೆರೋಜ್ ಎಂದರೆ ನಮ್ಮ ಒಡತಿ. ಎಲ್ಲ ದ್ವೀಪಗಳ ಮೇಲೂ ಅವಳ ಮಾತು ನಡೆಯುತ್ತದೆ. ಲಿಮೋಜ್ವಾ ಎಂಬ ಆ ಸ್ಥೂಲಕಾಯದ ಮುದುಕಿ ದೊಡ್ಡ ಚಾಪೆಯ ಮೇಲೆ ಒರಗಿ ಕೇದಗೆ ಹಣ್ಣು ಸೀಪುತ್ತಿದ್ದಳು. ಸುತ್ತ ಇನ್ನೂರು ಜನ. ನೇಮಾತ್ ಒಳಗೆ ಬರುತ್ತಿದ್ದಂತೆ ಇನ್ನೂರು ಕತ್ತುಗಳು ಓರೆಯಾದವು.

"ಬದುಕಿ ಬಂದ್ಯಲ್ಲ. ಭೇಷ್," ಎಂದಳು ಲೆರೋಜ್. "ಅಮ್ಮನಿಗಿಂತ ವಾಸಿ. ಸಾಕ್ಷಿ, ದಾರಿ ಮಾತೇನಾದ್ರೂ ಆಡಿದ್ಯಾ?"

ಲಾಂಗ್ರಿನ್ ಮುಂದೆ ಬಂದ. ಮುಖ ಬಿಳುಚಿತ್ತು. "ದಾರಿ ಮಾತಲ್ಲ ತಾಯಿ. ಆದ್ರೆ ಮಾತಾಡಿದೆ. ಒಂದು ಮಾತು."

ಸಭೆ ಗುಸುಗುಸು ಎಂದಿತು. ಲೆರೋಜ್ ಹಣ್ಣು ಕೆಳಗಿಟ್ಟಳು.

"ಏನಂತ?"

"ಯೋಕ್ವೆ ಅಂತ."

"ಯಾವ ಯೋಕ್ವೆ?"

ಅವನು ಕುತ್ತಿಗೆಯ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸಿದ.

"ನಮಸ್ಕಾರದ್ದಾ? ತಾಸುಗಟ್ಟಲೆ ಜೊತೆಗೇ ಕೂತು, ಆಮೇಲೆ ನಮಸ್ಕಾರ ಜ್ಞಾಪಕ ಬಂತಾ? ಅಷ್ಟು ಒಳ್ಳೆ ಮನೆತನ ಅಲ್ಲ ನಿಂದು."

ಯಾರೋ ನಕ್ಕರು. ನೇಮಾತ್‌ಗೆ ತಡೆಯಲಾಗಲಿಲ್ಲ.

"ಪಾಪದ್ದು, ಲೆರೋಜ್! ನಾನೇ ಹೇಳ್ತೀನಿ. ನನ್ನ ಮೇಲೆ ಕನಿಕರ ಉಕ್ಕಿ ಅಂದ. ನಾನು ತಪ್ಪಿದೀನಿ ಅಂದ್ಕೊಂಡು ಹಡಗು ತಿರುಗಿಸಿದೆ. ಅದು ದಾರಿ ಮಾತೇ. ಹಡಗು ತಗೊಳ್ಳಿ. ಇದೊಂದು ಮುಗೀಲಿ!"

"ಅಲ್ಲ," ಎಂದ ಲಾಂಗ್ರಿನ್.

"ಏನು ಅಲ್ಲ?"

"ಪಾಪದ್ದಲ್ಲ." ಅವನು ಇನ್ನೂರು ಜನರ ಮುಂದೆ ತಲೆಯೆತ್ತಿದ. "ಮೂರನೇದು."

ಮೂಲೆಯಲ್ಲಿ ಒಬ್ಬ ಹೆಂಗಸು ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಬಿಡಿಸಿ ಹೇಳು," ಎಂದಳು ಲೆರೋಜ್, ಈಗ ನೆಟ್ಟಗೆ ಕೂತು.

"ಮೂರು ವರ್ಷದಿಂದ ನನ್ನ ಕೆಲಸ ಲಿಕಿಯೆಪ್‌ನ ನೀರುಕೊಳದ ಹತ್ರ. ಹಡಗು ಇಲ್ಲದ ದಿನ ನೀರಿನ ಮಟ್ಟ ಅಳೆಯೋ ಪೆಟ್ಟಿಗೆ ನೋಡ್ಕೊಳ್ಳೋದು. ಇವಳು ದಿನಾ ಬಂದು ಕಣ್ಣಿಗೆ ಬಟ್ಟೆ ಕಟ್ಕೊಂಡು ನೀರಲ್ಲಿ ಅಂಗಾತ ತೇಲ್ತಿದ್ಲು. ದಡದಲ್ಲಿ ನಿಂತವರು ನಗ್ತಿದ್ರು. ಇವಳು ಎದ್ದು ಎಲ್ಲರಿಗೂ ಚೆನ್ನಾಗಿ ಬೈದು ಮತ್ತೆ ತೇಲ್ತಿದ್ಲು. ನನಗೆ... ಅಷ್ಟು ಹಟ ಇರೋರನ್ನ ನಾನು ನೋಡಿರಲಿಲ್ಲ. ಮಾತಾಡಿಸೋಕೆ ಧೈರ್ಯ ಇರಲಿಲ್ಲ ತಾಯಿ. ಬೈತಾಳೆ."

ಈ ಸಲ ಸಭೆ ಗಟ್ಟಿಯಾಗಿಯೇ ನಕ್ಕಿತು.

"ಇವತ್ತು ಧೂಳಿನ ಬಾಯಲ್ಲಿ ಇವಳ ಬೆನ್ನು ಬೆಳಗಿತು. ಅದನ್ನ ನೋಡಿ ಬಾಯಿಗೆ ಬಂದ್ಬಿಡ್ತು. ತಪ್ಪು ನನ್ನದು."

ಎಲ್ಲರೂ ನೇಮಾತ್‌ಳ ಮುಖ ನೋಡಿದರು. ಅವಳ ಮುಖ ಕೆಂಪಗಾಗಿತ್ತು. ನಾಚಿಕೆಯಿಂದ ಎಂದು ನೀವು ಅಂದುಕೊಂಡರೆ ಅವಳ ಪರಿಚಯ ನಿಮಗೆ ಇನ್ನೂ ಆಗಿಲ್ಲ.

"ಸುಳ್ಳು!" ಎಂದು ಕಿರುಚಿದಳು. "ಸುಳ್ಳು ಹೇಳ್ತಿದಾನೆ! ಇದನ್ನೂ ಪಾಪ ಅಂತಲೇ ಹೇಳ್ತಿದಾನೆ. ಪರೀಕ್ಷೆ ಉಳೀಲಿ ಅಂತ, ದಿಕ್ಕಿಲ್ಲದವಳು ಅಂತ ಭಿಕ್ಷೆ ಹಾಕ್ತಿದಾನೆ! ನನಗೆ ಬೇಡ! ಇಂಥ ಭಿಕ್ಷೆ ತಗೊಂಡು ಹಡಗು ನಡೆಸೋದಕ್ಕಿಂತ ಚಾಪೆ ಹೆಣೀತೀನಿ!"

ಲಾಂಗ್ರಿನ್ ಅವಳತ್ತ ತಿರುಗಿದ. ಮೊದಲ ಸಲ ಅವನ ಧ್ವನಿ ಏರಿತು.

"ಉಂಡೆ ಹುಳಿ ಅಂತ ಹೇಳ್ದೋನು ನಿನಗೆ ಇದನ್ನ ಸುಳ್ಳು ಹೇಳ್ತೀನಾ?"

"ಪಟ್ಟಿ ತೆಗೀರಿ," ಎಂದಳು ಲೆರೋಜ್ ಬೇಸರದಿಂದ. "ಇವರಿಬ್ಬರ ಕಿರುಚಾಟಕ್ಕಿಂತ ಅದು ವಾಸಿ."

ಪೆಟ್ಟಿಗೆ ಧೂಳಿನಲ್ಲಿ ದಿಕ್ಕು ಮರೆತರೂ ಹಡಗು ತಿರುಗಿದ್ದನ್ನೂ, ಒಳಗೆ ಆಡಿದ ಮಾತನ್ನೂ ಒಂದು ಪಟ್ಟಿಯ ಮೇಲೆ ಗೀಚುತ್ತ ಹೋಗುತ್ತದೆ. ಕಾವಲಿನವರು ಅದನ್ನು ಚಾಪೆಯುದ್ದಕ್ಕೂ ಬಿಚ್ಚಿ ಹಾಸಿದರು. ನೇಮಾತ್ ಬಗ್ಗಿ ನೋಡಿದಳು.

ಧೂಳಿನ ಬಾಯಲ್ಲಿ ಗೆರೆ ಒಮ್ಮೆ ನಡುಗಿ, ಆಮೇಲೆ ನೆಟ್ಟಗೆ ನಿಂತಿತ್ತು. ಆ ನೆಟ್ಟಗಿನ ಗೆರೆಯ ಮೇಲೆ ಮಾತಿನ ಒಂದು ಚುಕ್ಕೆ. ಚುಕ್ಕೆಯ ನಂತರ ಗೆರೆ ಎಡಕ್ಕೆ ಬಿದ್ದು, ಕುಡಿದವನ ಹಾಗೆ ತೂರಾಡಿ, ಕೊನೆಗೆ ಬಲಕ್ಕೆ ಬಂದು ಮತ್ತೆ ಅದೇ ನೆಟ್ಟಗಿನ ಗೆರೆಯನ್ನು ಹಿಡಿದುಕೊಂಡು ಎಬೋನ್ ಮುಟ್ಟಿತ್ತು.

ಅವಳು ಆ ಚುಕ್ಕೆಯ ಮೇಲೆ ಬೆರಳಿಟ್ಟಳು.

ಅವನು ಯೋಕ್ವೆ ಅಂದಾಗ ಅವಳು ತಪ್ಪಿರಲಿಲ್ಲ. ಗೆರೆಯ ಮೇಲೇ ಇದ್ದಳು. ಮೂರು ತಲೆಮಾರಿನಲ್ಲಿ ಯಾರೂ ಇರದಷ್ಟು ಸರಿಯಾಗಿದ್ದಳು. ಹಾಗಿದ್ದವಳನ್ನು ನೋಡಿ ಯಾರಾದರೂ ಅಯ್ಯೋ ಪಾಪ ಅನ್ನುತ್ತಾರೆಯೇ? ಪಾಪ ಅನ್ನಲು ಅಲ್ಲಿ ಏನಿತ್ತು?

'ಹಾಗಾದ್ರೆ... ನಿಜವಾಗ್ಲೂ...'

"ನಾನು ತಿರುಗಿಸಿದ ಮೇಲೆ ಯಾಕೆ ಏನೂ ಅನ್ಲಿಲ್ಲ?" ಎಂದಳು. ಧ್ವನಿ ಅವಳದಾಗಿ ಕೇಳಿಸಲಿಲ್ಲ. "ಸತ್ತುಹೋಗ್ತಿದ್ವಲ್ಲ..."

"ಅಂದಿದ್ರೆ ಅದು ದಾರಿ ಮಾತಾಗ್ತಿತ್ತು."

ನೇಮಾತ್ ಮುಖ ಮುಚ್ಚಿಕೊಂಡಳು. ಹನ್ನೆರಡು ವರ್ಷ ಯಾರ ಮುಂದೆಯೂ ಅಳದವಳು ಇನ್ನೂರು ಜನರ ನಡುವೆ ಬಿಕ್ಕಿ ಬಿಕ್ಕಿ ಅತ್ತಳು. ಆಶ್ಚರ್ಯವೆಂದರೆ, ಒಂದು ಕತ್ತೂ ಓರೆಯಾಗಲಿಲ್ಲ.

ಲೆರೋಜ್ ಉಳಿದ ಹಣ್ಣನ್ನು ಎತ್ತಿಕೊಂಡಳು.

"ಪ್ರೀತಿ ದಾರಿ ಮಾತಲ್ಲ. ಅದಕ್ಕೆ ದಾರಿ ಗೊತ್ತಿದ್ರೆ ತಾನೇ! ಹುಡುಗಿ ಗೆದ್ದಳು. ಇವತ್ತಿಂದ ಇವಳು ರಿಮೆಟೊ, ಹಡಗಿನ ದಾರಿಕಾರ್ತಿ. ಹಡಗು ಅವಳ ವಂಶದ್ದೇ. ಇನ್ನು ಈ ಸಾಕ್ಷಿ..." ಅವಳು ಅವನನ್ನು ತುಚ್ಛವಾಗಿ ನೋಡಿದಳು. "ಮನಸ್ಸು ಕೊಟ್ಟವನು ಸಾಕ್ಷಿ ಆಗೋಕೆ ಲಾಯಕ್ಕಿಲ್ಲ. ಬಾಯಿ ತಡೀಲಾರದವನಂತೂ ಯಾವುದಕ್ಕೂ ಲಾಯಕ್ಕಿಲ್ಲ. ಬಿಲ್ಲೆ ಕಿತ್ಕೊಳ್ಳಿ. ಪೆಟ್ಟಿಗೇನೂ."

*

ಮರುದಿನ ಬೆಳಗ್ಗೆ ಲಾಂಗ್ರಿನ್ ಹಡಗುಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿ ಇಟ್ಟುಕೊಂಡಿದ್ದ. ನೇಮಾತ್ ಬಂದು ಪಕ್ಕದಲ್ಲಿ ನಿಂತಳು.

"ಮುಂದೇನು ಮಾಡ್ತೀಯಾ?"

"ಗೊತ್ತಿಲ್ಲ. ಪೆಟ್ಟಿಗೆ ಹೊರೋದು ಬಿಟ್ಟು ಬೇರೆ ಕೆಲಸ ಬರಲ್ಲ."

"ಅದೂ ಅಷ್ಟೇನೂ ಚೆನ್ನಾಗಿ ಬರ್ತಿರಲಿಲ್ಲ."

"ಹೌದು."

"ಎಲ್ಲಾದಕ್ಕೂ ಹೌದು ಅನ್ಬೇಡ, ಮೈ ಉರಿಯುತ್ತೆ!" ಅವಳು ದೂರ ಎಲ್ಲೋ ನೋಡಿದಳು. "ನನ್ನ ಹಡಗಲ್ಲಿ ಒಬ್ಬರಿಗೆ ಜಾಗ ಇದೆ."

ಅವನು ತಲೆಯೆತ್ತಿದ. "ಏನು ಕೆಲಸ?"

"ಸುಮ್ನಿರೋ ಕೆಲಸ. ನಿನಗೆ ಬರಲ್ಲ ಅಂತ ಈಗ ಎಲ್ಲಾ ದ್ವೀಪಕ್ಕೂ ಗೊತ್ತು. ಆದ್ರೂ... ಕಲೀಬಹುದು."

"ಕಲೀತೀನಿ."

"ನನ್ನ ಹೆಸರಿಟ್ಟು ಕರೀಬೇಕು. ಬೈದ್ರೆ ಹೆದರಬಾರದು."

"ಹೆದರ್ತೀನಿ ನೇಮಾತ್. ಆದ್ರೆ ಹೋಗಲ್ಲ."

ಅವಳು ಸರಕ್ಕನೆ ತಿರುಗಿ ಹಡಗಿಗೆ ನಡೆದಳು. ತುಟಿ ನಡುಗುತ್ತಿದ್ದದ್ದು ಅವನಿಗೆ ಕಾಣಬಾರದಲ್ಲ!

ಹಡಗು ಎಬೋನ್ ಬಿಟ್ಟು ಬಾನಿಗಿಳಿಯಿತು. ಈಗ ಕಣ್ಣಿಗೆ ಬಟ್ಟೆಯಿಲ್ಲ, ಮಾತಿಗೆ ತಡೆಯಿಲ್ಲ. ಅವಳು ಚಾಪೆಯ ಮೇಲೆ ಒಂದು ಬದಿಗೆ ಸರಿದು ಮಲಗಿ, ಪಕ್ಕದ ಜಾಗ ತಟ್ಟಿದಳು. ಅವನು ಬಂದು ಮರದ ಕೊರಡಿನ ಹಾಗೆ ಬಿಗಿದುಕೊಂಡು ಮಲಗಿದ. ಅವಳು ಅವನ ಅಂಗೈಯನ್ನು ನೆಲಕ್ಕೆ ಒತ್ತಿ, ಅದರ ಮೇಲೆ ತನ್ನ ಕೈ ಇಟ್ಟಳು. ಕೆಳಗೆ ಮೂಡಲಲೆ ಮೆಲ್ಲಗೆ ಮೈ ಮುರಿಯುತ್ತಿತ್ತು. ಅವಳ ಬೆನ್ನಿನ ಬೆಳಕು ಭುಜಕ್ಕೆ ಹರಿದು, ತೋಳಿಗಿಳಿದು, ಬೆರಳ ತುದಿಯವರೆಗೂ ಬಂತು.

"ಗೊತ್ತಾಯ್ತಾ?" ಎಂದು ಆಸೆಯಿಂದ ಕೇಳಿದಳು.

ಅವನು ಕಣ್ಣು ಮುಚ್ಚಿ ಬಹಳ ಹೊತ್ತು ಪ್ರಯತ್ನಪಟ್ಟ.

"ಇಲ್ಲ."

"ಚೂರೂ?"

"ಚೂರೂ ಇಲ್ಲ. ನೆಲ ತಣ್ಣಗಿದೆ. ನಿನ್ನ ಕೈ ಬೆಚ್ಚಗಿದೆ. ಅಷ್ಟೇ ನನಗೆ ಗೊತ್ತಾಗ್ತಿರೋದು."

ಅವಳಿಗೆ ನಗು ಬಂತು. ನಗುತ್ತ ನಗುತ್ತ ಕಣ್ಣಿನ ಕೊನೆಯಿಂದ ನೀರು ಕಿವಿಗೆ ಇಳಿಯಿತು. ಈ ಮನುಷ್ಯನ ಮೇಲೆ ಪ್ರೀತಿ ಎಷ್ಟು ಉಕ್ಕಿತೆಂದರೆ ಎದೆಯಲ್ಲಿ ಹಿಡಿಸಲಿಲ್ಲ.

"ದಡ್ಡ," ಎಂದಳು. "ನೀನು ನನಗೆ ಬೇಕು ಕಣೋ."

ಲಾಂಗ್ರಿನ್ ಅಳುಕುತ್ತ ಕೇಳಿದ:

"ಕೈ... ತೆಗೀಲಾ?"

"ತೆಗೆದು ನೋಡು!"